ಕರೆಂಟ್ ಬಂದಾಗ ಕೂಗುವ ಡಬ್ಬಿ

ರಾತ್ರಿ 1 ಗಂಟೆ 40 ನಿಮಿಷ. ಹಜಾರದಲ್ಲಿ ‘ಪೀಂ...’ ಎಂದು ಒಂದೇ ಸಮನೆ ಸದ್ದು. ನಾನು ಕಣ್ಣು ಬಿಡುವಷ್ಟರಲ್ಲಿ ತಾತ ಎದ್ದು ಕೂತು, ತಲೆದಿಂಬಿನ ಪಕ್ಕದ ಸ್ವಿಚ್ಚು ಒತ್ತಿ ಸದ್ದು ನಿಲ್ಲಿಸಿಯಾಗಿತ್ತು. ‘ಪುಟ್ಟೀ, ಕೂಗ್ತು ಕಣೇ ನಿನ್ ಡಬ್ಬಿ! ನಿಜವಾಗ್ಲೂ ಬಂದಿದೆಯೋ ಇಲ್ಲ ಇವತ್ತೂ ಸುಳ್ಳೋ, ನಿಮ್ಮಪ್ಪನ್ನ ಎಬ್ಬಿಸು’ ಅಂದರು. ಅಪ್ಪ ಟಾರ್ಚ್ ಹಿಡಿದು ಹೋದರು. ಸ್ವಲ್ಪ ಹೊತ್ತಿಗೆ ತೋಟದ ಕಡೆಯಿಂದ ಮೋಟರಿನ ಗುಂಯ್‌ಗುಡುವ ಸದ್ದು ಕೇಳಿಸಿತು. ಸಂಗೀತವೆಂದರೆ ಏನೆಂದು ಯಾರಾದರೂ ಆ ಹೊತ್ತಿನಲ್ಲಿ ಕೇಳಿದ್ದರೆ ಅದನ್ನೇ ತೋರಿಸುತ್ತಿದ್ದೆ.

ಆ ಡಬ್ಬಿಯಲ್ಲಿ ಇದ್ದದ್ದು ಬೆರಳೆಣಿಕೆಯಷ್ಟು ಬಿಡಿಭಾಗ. ಅದನ್ನು ಮಾಡಲು ನನಗೆ ಹಿಡಿದದ್ದು ನಾಲ್ಕು ತಿಂಗಳು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಹುಡುಗಿಗೆ ನಾಲ್ಕು ತಿಂಗಳು! ಹೇಳಿಕೊಳ್ಳಲು ಈಗಲೂ ನಾಚಿಕೆಯೇ. ಆದರೂ ಹೇಳುತ್ತೇನೆ. ಏಕೆಂದರೆ ಆ ನಾಲ್ಕು ತಿಂಗಳಲ್ಲಿ ನನಗೆ ಅಂಟಿಕೊಂಡ ಹುಚ್ಚು ಈಗ ನಮ್ಮ ಕಡೆಯ ಏಳೆಂಟು ಮಕ್ಕಳಿಗೂ ಅಂಟಿದೆ.

ಎದ್ದೆದ್ದು ನೋಡುವ ರಾತ್ರಿಗಳು

ನಮ್ಮೂರು ತಿಪಟೂರಿನ ಕಡೆಯ ಒಂದು ಹಳ್ಳಿ. ಮನೆಯಿಂದ ಸುಮಾರು 150 ಮೀಟರ್ ದೂರಕ್ಕೆ ತೆಂಗಿನ ತೋಟ, ಅದರ ನಡುವೆ ಕೊಳವೆಬಾವಿ, ಪಕ್ಕದಲ್ಲಿ ಮೋಟ್ರು ಮನೆ. ಮನೆಯ ದೀಪಕ್ಕೆ ಸಿಂಗಲ್ ಫೇಸ್ ಸಾಕು, ಕೊಳವೆಬಾವಿಯ ಮೋಟರಿಗೆ ತ್ರೀ ಫೇಸ್ ಬೇಕು. ಅದು ದಿನಕ್ಕೆ ಇಷ್ಟೇ ಗಂಟೆ ಬರುತ್ತದೆ, ಆ ಸರದಿ ಎಷ್ಟೋ ಸಲ ರಾತ್ರಿಯೇ. ರಾತ್ರಿ ಅಂದರೆ 10 ಗಂಟೆಯೂ ಇರಬಹುದು, 3 ಗಂಟೆಯೂ ಇರಬಹುದು. ರೈತರ ಮನೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ತಾತ ಅದಕ್ಕಾಗಿ ಕಾಯುತ್ತಿದ್ದ ರೀತಿ ನನಗೆ ಚಿಕ್ಕಂದಿನಿಂದ ಗೊತ್ತು. ಅರೆನಿದ್ದೆಯಲ್ಲಿ ಗಂಟೆಗೊಮ್ಮೆ ಎದ್ದು ಹೋಗಿ ಸ್ಟಾರ್ಟರ್ ಬಾಕ್ಸಿನ ಮೇಲಿನ ಮೂರು ಇಂಡಿಕೇಟರ್ ಬಲ್ಬು ನೋಡಿ ಬರುವುದು. ಮೂರೂ ಚೆನ್ನಾಗಿ ಉರಿದರೆ ಮೋಟರ್ ಹಾಕುವುದು, ಇಲ್ಲದಿದ್ದರೆ ಮತ್ತೆ ಬಂದು ಮಲಗುವುದು. ಕಳೆದ ಮಳೆಗಾಲದ ಒಂದು ರಾತ್ರಿ ಹಾಗೆ ಹೋದವರು ಬದುವಿನ ಮೇಲೆ ಜಾರಿ ಬಿದ್ದರು. ಎಡಗಾಲಿನ ಮೂಳೆ ಮುರಿಯಿತು. ಕೂಗಿದರೆ ಮನೆಗೆ ಕೇಳಿಸಲಿಲ್ಲ. ಬೆಳಕು ಹರಿದ ಮೇಲೆ ಅಮ್ಮ ಹುಡುಕಿಕೊಂಡು ಹೋದಾಗ ಮಳೆಯಲ್ಲಿ ನೆನೆದು ತೆಂಗಿನ ಬುಡಕ್ಕೆ ಒರಗಿ ಕೂತಿದ್ದರು. ಅಂದಿನಿಂದ ಆ ಸರದಿ ಅಪ್ಪನದಾಯಿತು. ಹಗಲು ಕೆಲಸ, ರಾತ್ರಿ ಜಾಗರಣೆ. ತಾತನಿಗೋ ಮಲಗಿದ್ದಲ್ಲೇ ಸಂಕಟ. ‘ಕರೆಂಟ್ ಬಂತೇನೋ, ನೋಡೋ’ ಎಂದು ಅಪ್ಪನನ್ನು ಎಬ್ಬಿಸುವುದು. ಎದ್ದು ಹೋದರೆ ಬಂದಿರುತ್ತಿರಲಿಲ್ಲ.

ದಸರಾ ರಜೆಗೆ ಹೋಗಿದ್ದಾಗ ತಾತ ಕೇಳಿದರು: ‘ನೀನು ಓದ್ತಿರೋದು ಎಲೆಕ್ಟ್ರಾನಿಕ್ಸ್ ಅಲ್ವೇನೇ? ಕರೆಂಟ್ ಬಂದಾಗ ಮನೇಲಿ ಕೂಗೋ ಥರ ಒಂದು ಏನಾದ್ರೂ ಮಾಡಿಕೊಡು. ಎದ್ದು ಹೋಗೋದು ಹೇಗೂ ಇದ್ದದ್ದೇ. ಸುಮ್‌ಸುಮ್ನೆ ಎದ್ದು ಹೋಗೋದು ತಪ್ಪಲಿ.’

ಮೂರು ಸೆಮಿಸ್ಟರ್ ಮುಗಿಸಿದ್ದೆ. ಅಂಕಪಟ್ಟಿಯಲ್ಲಿ ಅನಲಾಗ್ ಸರ್ಕ್ಯೂಟ್ಸ್‌ಗೆ ಎಂಬತ್ತರ ಮೇಲೆ ಅಂಕವಿತ್ತು. ಟ್ರಾನ್ಸಿಸ್ಟರಿನ ಸಮೀಕರಣಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರೆಯುತ್ತಿದ್ದೆ. ಲ್ಯಾಬಿನಲ್ಲಿ ನಾಲ್ವರಿಗೆ ಒಂದು ಬೋರ್ಡು. ಜೋಡಿಸುವವನು ಒಬ್ಬ, ರೀಡಿಂಗ್ ಬರೆದುಕೊಳ್ಳುವವರು ಮೂವರು. ಆ ಮೂವರಲ್ಲಿ ನಾನು ಯಾವಾಗಲೂ ಇದ್ದೆ. ಸೋಲ್ಡರಿಂಗ್ ಐರನ್ ಅನ್ನು ಒಮ್ಮೆಯೂ ಕೈಯಲ್ಲಿ ಹಿಡಿದಿರಲಿಲ್ಲ. ತಾತನಿಗೆ ‘ಮಾಡಿಕೊಡ್ತೀನಿ’ ಅಂದೆ. ಹೇಗೆ ಅಂತ ನನಗೇ ಗೊತ್ತಿರಲಿಲ್ಲ.

ಆಟೊ ಸ್ಟಾರ್ಟರ್ ಹಾಕಿಸಬಹುದಲ್ಲ ಎಂದು ನಿಮಗೆ ಅನಿಸಬಹುದು. ಮೊಬೈಲಿನಿಂದ ಮೋಟರ್ ಚಾಲೂ ಮಾಡುವ ಸಾಧನಗಳೂ ಬಂದಿವೆ. ಅಪ್ಪ ಎರಡನ್ನೂ ವಿಚಾರಿಸಿದ್ದರು. ತಾತ ಒಪ್ಪಿರಲಿಲ್ಲ. ಒಮ್ಮೆ ಮೋಟರ್ ಸುಟ್ಟು, ಮೇಲೆತ್ತಿ ವೈಂಡಿಂಗ್ ಮಾಡಿಸಿದ ಖರ್ಚು ಅವರಿಗೆ ನೆನಪಿತ್ತು. ವೋಲ್ಟೇಜ್ ನೋಡದೆ, ಪೈಪು ನೋಡದೆ, ಯಾರೂ ಇಲ್ಲದಾಗ ಮೋಟರ್ ತಾನಾಗಿ ಓಡುವುದು ಅವರಿಗೆ ಬೇಡ. ‘ಎಬ್ಬಿಸಿದ್ರೆ ಸಾಕು’ ಎಂಬುದಷ್ಟೇ ಅವರ ಬೇಡಿಕೆ.

ರೇಡಿಯೊ ಸಾಹೇಬರು

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ರಿಪೇರಿ ಅಂಗಡಿ ಇದೆ. ಎರಡು ಜನ ಕೂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕು. ಅಲ್ಲಿ ಕೂರುವ ಹಿರಿಯರನ್ನು ಎಲ್ಲರೂ ಕರೆಯುವುದು ರೇಡಿಯೊ ಸಾಹೇಬರು ಎಂದೇ. ತಾತನ ಮರ್ಫಿ ರೇಡಿಯೊಗೆ ಅವರೇ ವೈದ್ಯರು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಹಳೆಯ ರೇಡಿಯೊ, ಟೇಪ್‌ರೆಕಾರ್ಡರ್, ಡಬ್ಬಾ ಟೀವಿಗಳು. ವಾಪಸು ಒಯ್ಯಲು ಯಾರೂ ಬಾರದೆ ವರ್ಷಗಳೇ ಆದ ಸೆಟ್ಟುಗಳು ಅವು.

ನಾನು ಪುಸ್ತಕದಿಂದ ಬರೆದುಕೊಂಡ ಸರ್ಕ್ಯೂಟನ್ನು ಅವರ ಮುಂದಿಟ್ಟೆ. ಕನ್ನಡಕ ಏರಿಸಿ ನೋಡಿದರು. ‘ಚೆನ್ನಾಗಿ ಬರ್ದಿದ್ದೀಯಮ್ಮ. ಇದು ಕೆಲಸ ಮಾಡ್ದೇ ಇದ್ರೆ ಎಲ್ಲಿಂದ ನೋಡೋಕೆ ಶುರು ಮಾಡ್ತೀಯ?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಮೂರು ಸೆಮಿಸ್ಟರಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ‘ಹಾಗಾದ್ರೆ ಮೊದ್ಲು ಕೆಟ್ಟಿರೋದನ್ನ ನೋಡು. ಮಾಡೋದು ಆಮೇಲೆ’ ಅಂದರು.

ಅಂದು ಬೆಂಚಿನ ಮೇಲಿದ್ದದ್ದು ಮೂಕಾದ ಒಂದು ಬ್ಯಾಟರಿ ರೇಡಿಯೊ. ಹಿಂಬದಿ ಬಿಚ್ಚಿ ಸ್ಕ್ರೂಡ್ರೈವರಿನ ತುದಿಯನ್ನು ವಾಲ್ಯೂಮ್ ಕಂಟ್ರೋಲಿನ ನಡುವಿನ ಕಾಲಿಗೆ ತಾಕಿಸಿ, ಅದರ ಲೋಹಕ್ಕೆ ಬೆರಳಿಟ್ಟರು. ಸ್ಪೀಕರಿನಲ್ಲಿ ‘ಗುರ್ರ್’ ಎಂದಿತು. ‘ಕೇಳ್ತಾ? ಇಲ್ಲಿಂದ ಸ್ಪೀಕರ್ ತನಕ ಜೀವ ಇದೆ. ರೋಗ ಈ ಕಡೆ ಇಲ್ಲ, ಆ ಕಡೆ ಇದೆ.’ ಒಂದೇ ತಾಕಿನಲ್ಲಿ ಅರ್ಧ ರೇಡಿಯೊ ನಿರ್ದೋಷಿ ಎಂದು ಸಾಬೀತಾಗಿತ್ತು. ಉಳಿದರ್ಧವನ್ನು ಮತ್ತೆ ಎರಡು ಮಾಡಿದರು. ಕೊನೆಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಬೋರ್ಡನ್ನು ಮೆಲ್ಲಗೆ ತಟ್ಟುತ್ತ ಹೋದಾಗ ಒಂದು ಜಾಗದಲ್ಲಿ ಹಾಡು ಬಂದು ಹೋಯಿತು. ಅಲ್ಲೊಂದು ಕಾಲಿನ ಬೆಸುಗೆ ಸಡಿಲವಾಗಿತ್ತು. ನೋಡಲು ಅಂಟಿದಂತಿತ್ತು, ನಿಜವಾಗಿ ಅಂಟಿರಲಿಲ್ಲ. ಡ್ರೈ ಸೋಲ್ಡರ್. ಬಿಸಿ ಐರನ್ ಮುಟ್ಟಿಸಿ, ಎರಡು ಕ್ಷಣ ಹಿಡಿದು, ಒಂದಿಷ್ಟು ಸೋಲ್ಡರ್ ವೈರು ಕರಗಿಸಿದರು. 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಆಕಾಶವಾಣಿ ಮಾತಾಡತೊಡಗಿತು.

ನನಗೆ ಹುಚ್ಚು ಹಿಡಿದದ್ದು ಅದೇ ಗಳಿಗೆಯಲ್ಲಿ ಎಂದು ಈಗ ಅನಿಸುತ್ತದೆ.

ಮೊದಲ ಹೊಗೆ

ವಾರಾಂತ್ಯಕ್ಕೆ ಊರಿಗೆ ಬಂದಾಗಲೆಲ್ಲ ಅಂಗಡಿಗೆ ಹೋಗತೊಡಗಿದೆ. ಮೊದಲ ದಿನವೇ ಒಂದು ಕೆಂಪು ಎಲ್‌ಇಡಿಯನ್ನು ನೇರವಾಗಿ 9 ವೋಲ್ಟಿನ ಬ್ಯಾಟರಿಗೆ ಹಿಡಿದೆ. ಒಂದು ಕ್ಷಣ ಫಳ್ಳೆಂದು ಹೊಳೆದು ಸತ್ತೇಹೋಯಿತು. ಸಾಹೇಬರು ನಗಲಿಲ್ಲ. ‘ಯಾಕೆ ಸತ್ತಿತು, ಹೇಳು’ ಅಂದರು.

ಉತ್ತರ ನನಗೆ ಗೊತ್ತಿತ್ತು! ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೆ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ. ಉಳಿದ 7 ವೋಲ್ಟನ್ನು ಹೊರಲು ಒಂದು ರೆಸಿಸ್ಟರ್ ಬೇಕು. 470 ಓಮ್ ಹಾಕಿದರೆ 7 ಭಾಗಿಸು 470, ಸುಮಾರು 15 ಮಿಲಿಆಂಪಿಯರ್. ಎಲ್‌ಇಡಿಗೆ ಅಷ್ಟು ಸಾಕು, ಹಿತ. ಜಾರ್ಜ್ ಓಮ್ ಎಂಬ ಜರ್ಮನಿಯ ಮೇಷ್ಟ್ರು 1827ರಲ್ಲಿ ಪ್ರಕಟಿಸಿದ ನಿಯಮವನ್ನು ನಾನು ಪಿಯುಸಿಯಿಂದ ಬಾಯಿಪಾಠ ಮಾಡಿದ್ದೆ. ಒಂದು ಎಲ್‌ಇಡಿ ಸಾಯುವವರೆಗೆ ಅದು ನನಗೆ ತಟ್ಟಿರಲಿಲ್ಲ, ಅಷ್ಟೇ. ಹಳದಿ, ನೇರಳೆ, ಕಂದು ಪಟ್ಟಿಗಳ ರೆಸಿಸ್ಟರನ್ನು ಡಬ್ಬಿಯಿಂದ ಹೆಕ್ಕಿ ಎರಡನೆಯ ಎಲ್‌ಇಡಿಗೆ ಜೋಡಿಸಿದೆ. ಉರಿಯಿತು. ಸುಮಾರು ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ.

ಕೆಲಸ ಮಾಡುತ್ತ ಸಾಹೇಬರು ಕಥೆ ಹೇಳುತ್ತಿದ್ದರು. ಅವುಗಳಲ್ಲಿ ನನಗೆ ತುಂಬ ಹಿಡಿಸಿದ್ದು ಮೈಸೂರಿನದು. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವಾಟ್‌ನ ಒಂದು ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೊ ಕೇಂದ್ರ ಶುರು ಮಾಡಿದರು. ಆ ಕೇಂದ್ರಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯಿತು. ಗೋಪಾಲಸ್ವಾಮಿಯವರು ಎಂಜಿನಿಯರ್ ಅಲ್ಲ, ಮನಃಶಾಸ್ತ್ರದ ಪ್ರೊಫೆಸರ್. ಮೂವತ್ತು ವಾಟ್ ಅಂದರೆ ಹಳೆಯ ಕಾಲದ ಒಂದು ಸಣ್ಣ ಬಲ್ಬಿನಷ್ಟು. ‘ಹವ್ಯಾಸ ಅಂದ್ರೆ ಸಣ್ಣದು ಅಂತ ತಿಳ್ಕೋಬೇಡ’ ಎನ್ನುತ್ತಿದ್ದರು ಸಾಹೇಬರು.

ಹ್ಯಾಮ್ ರೇಡಿಯೊ ಬಗ್ಗೆಯೂ ಮೊದಲು ಕೇಳಿದ್ದು ಅವರಿಂದಲೇ. 12 ವರ್ಷ ತುಂಬಿದ ಯಾರೇ ಆದರೂ ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆದು ತಮ್ಮದೇ ರೇಡಿಯೊದಿಂದ ಜಗತ್ತಿನೊಡನೆ ಮಾತಾಡಬಹುದು. 2004ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ದೆಹಲಿಯ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಹವ್ಯಾಸದ ಪ್ರಸಾರಕ್ಕೆಂದೇ ಅಂಡಮಾನಿಗೆ ಹೋಗಿತ್ತು. ಫೋನುಗಳು ಸತ್ತಾಗ ದ್ವೀಪದ ಸುದ್ದಿಯನ್ನು ಮುಖ್ಯಭೂಮಿಗೆ ತಲುಪಿಸಲು ಅವರ ರೇಡಿಯೊ ನೆರವಾಯಿತು.

ಎಸ್.ಪಿ. ರೋಡಿನಲ್ಲಿ ಒಂದು ಹಗಲು

ನನ್ನ ಡಬ್ಬಿಯ ಯೋಚನೆ ಹೀಗಿತ್ತು. ಸ್ಟಾರ್ಟರ್ ಬಾಕ್ಸಿನ ಕರೆಂಟನ್ನು ನಾನು ಮುಟ್ಟುವ ಹಾಗಿಲ್ಲ. ಅದು ಸಾಹೇಬರ ಮೊದಲ ಷರತ್ತು. ‘ಅಲ್ಲಿರೋದು 400 ವೋಲ್ಟು. ಅದರ ಹತ್ರ ಕಲಿಯೋಕೆ ಹೋಗಬಾರದು, ಕಲಿತವರು ಮಾತ್ರ ಹೋಗಬೇಕು.’ ಹಾಗಾದರೆ ಕರೆಂಟ್ ಬಂದದ್ದು ತಿಳಿಯುವುದು ಹೇಗೆ? ತಾತ ಹೇಗೆ ತಿಳಿದುಕೊಳ್ಳುತ್ತಿದ್ದರೋ ಹಾಗೆಯೇ. ಬಲ್ಬು ನೋಡಿ! ನನ್ನ ಡಬ್ಬಿಗೂ ಒಂದು ಕಣ್ಣು ಕೊಟ್ಟರೆ ಮುಗಿಯಿತು.

ಎಲ್‌ಡಿಆರ್ ಎಂಬ ಪುಟ್ಟ ಬಿಲ್ಲೆಯೇ ಆ ಕಣ್ಣು. ಕತ್ತಲಲ್ಲಿ ಅದರ ರೋಧ ಲಕ್ಷಗಟ್ಟಲೆ ಓಮ್ ಇರುತ್ತದೆ, ಬೆಳಕು ಬಿದ್ದರೆ ಕೆಲವೇ ಸಾವಿರಕ್ಕೆ ಇಳಿಯುತ್ತದೆ. ಅದನ್ನೂ ಒಂದು ಪ್ರೀಸೆಟ್ ಅನ್ನೂ, ಅಂದರೆ ತಿರುಪಿ ಹೊಂದಿಸುವ ರೆಸಿಸ್ಟರನ್ನೂ, ಒಂದರ ಕೆಳಗೊಂದು ಜೋಡಿಸಿ ಅವೆರಡರ ನಡುವಿನಿಂದ ಬಿಸಿ547 ಎಂಬ ಟ್ರಾನ್ಸಿಸ್ಟರಿನ ಬೇಸ್ ಕಾಲಿಗೆ ತಂತಿ ಕೊಡಬೇಕು. ಬೆಳಕು ಬಿದ್ದಾಗ ಬೇಸಿನ ವೋಲ್ಟೇಜ್ ಏರುತ್ತದೆ. ಅದು ಸುಮಾರು 0.6 ವೋಲ್ಟ್ ದಾಟಿದೊಡನೆ ಟ್ರಾನ್ಸಿಸ್ಟರ್ ಬಾಗಿಲು ತೆರೆಯುತ್ತದೆ. ಅದರ ಮೂಲಕ ಬಝರಿಗೆ ಕರೆಂಟ್ ಹರಿದು ಕೂಗುತ್ತದೆ. ಡಬ್ಬಿ ಮೋಟ್ರು ಮನೆಯಲ್ಲಿ, ಬಝರ್ ತಾತನ ಹಾಸಿಗೆಯ ಪಕ್ಕದಲ್ಲಿ. ನಡುವೆ 150 ಮೀಟರ್ ಜೋಡಿ ವೈರು. ಅದರಲ್ಲಿ ಹರಿಯುವುದು 9 ವೋಲ್ಟಿನ ಬ್ಯಾಟರಿಯ ಕರೆಂಟ್ ಮಾತ್ರ. ಹಸು ತುಳಿದರೂ ಅಪಾಯವಿಲ್ಲ.

ಬಿಡಿಭಾಗಗಳಿಗೆಂದು ಗೆಳತಿಯ ಜತೆ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರನ್ನು ಅಲ್ಲಿನ ಬೋರ್ಡುಗಳಲ್ಲಿ ಓದಿದ ಮೇಲೆಯೇ ನನಗೆ ತಿಳಿದದ್ದು. ಇಕ್ಕಟ್ಟಿನ ಬೀದಿ, ತಲೆಯ ಮೇಲೆ ವೈರುಗಳ ಬಲೆ, ಅಂಗಡಿಯೊಳಗೆ ನೂರಾರು ಪುಟ್ಟ ಪ್ಲಾಸ್ಟಿಕ್ ಡ್ರಾಯರ್‌ಗಳು. ‘ಟ್ರಾನ್ಸಿಸ್ಟರ್ ಕೊಡಿ’ ಅಂದೆ. ಅಂಗಡಿಯವರು ತಲೆ ಎತ್ತದೆ ‘ನಂಬರ್?’ ಎಂದರು. ‘ಪ್ರೀಸೆಟ್’ ಅಂದೆ. ‘ವ್ಯಾಲ್ಯೂ?’ ಪಕ್ಕದಲ್ಲಿ ನಿಂತಿದ್ದ, ಹೈಸ್ಕೂಲಿನವನಂತೆ ಕಾಣುತ್ತಿದ್ದ ಒಬ್ಬ ಹುಡುಗ ನನ್ನ ಚೀಟಿ ನೋಡಿ, ‘ಅಕ್ಕಾ, ಒಂದೊಂದೇ ತಗೋಬೇಡಿ. ಸುಟ್ಟುಹೋದ್ರೆ ಮತ್ತೆ ಇಲ್ಲೀವರೆಗೂ ಬರ್ಬೇಕಾಗುತ್ತೆ. ಐದೈದು ತಗೊಳ್ಳಿ’ ಅಂದ. ಅವನು ಏನು ಮಾಡುತ್ತಿದ್ದಾನೆಂದು ಕೇಳಿದೆ. ಅಜ್ಜಿಗೆ ಮಾತ್ರೆಯ ಹೊತ್ತು ನೆನಪಿಸುವ ಡಬ್ಬಿಯಂತೆ! ನಾವಿಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂತು ಒಬ್ಬರ ಸರ್ಕ್ಯೂಟನ್ನು ಒಬ್ಬರಿಗೆ ತೋರಿಸಿಕೊಂಡೆವು. ಬೇಸಿಗೆ ಒಂದು ಕಿಲೋಓಮ್ ರೆಸಿಸ್ಟರ್ ಹಾಕದೇ ಇದ್ದದ್ದನ್ನು ಅವನೇ ತೋರಿಸಿದ. ಹೆಸರು ಕೇಳುವುದು ಇಬ್ಬರಿಗೂ ಮರೆತೇಹೋಯಿತು.

ತಂದ ಸಾಮಾನೆಲ್ಲ ಅಂಗೈಯಲ್ಲಿ ಹಿಡಿಸುತ್ತಿತ್ತು. ಡಬ್ಬಿಗಿಂತ ವೈರಿಗೇ ಹೆಚ್ಚು ಖರ್ಚಾಯಿತು.

ಸುಳ್ಳು ಹೇಳುವ ಡಬ್ಬಿ

ಸಂಕ್ರಾಂತಿಯ ಹೊತ್ತಿಗೆ ಡಬ್ಬಿ ಮೋಟ್ರು ಮನೆ ಸೇರಿತು. ಸಾಹೇಬರೂ ಬಂದು, ಎಲ್‌ಡಿಆರ್ ಅನ್ನು ಮೂರನೆಯ ಬಲ್ಬಿನ ಎದುರಿಗೆ ನಿಲ್ಲಿಸಿಕೊಟ್ಟು ಹೋದರು. ಆ ರಾತ್ರಿ 11 ಗಂಟೆಗೆ ಕೂಗಿತು. ಅಪ್ಪ ಓಡಿದರು. ಕರೆಂಟ್ ಬಂದಿರಲಿಲ್ಲ. 2 ಗಂಟೆಗೆ ಮತ್ತೆ ಕೂಗಿತು. ಆಗಲೂ ಇಲ್ಲ. ಬೆಳಿಗ್ಗೆ 7 ಗಂಟೆಯಿಂದ ಒಂದು ತಾಸು ನಿಲ್ಲಿಸದೆ ಕೂಗಿತು. ‘ಎಮ್ಮೆ ಕರು ಕಟ್ಟಿದ್ದಿದ್ರೂ ಇಷ್ಟು ಕೂಗ್ತಿರ್ಲಿಲ್ಲ’ ಅಂದರು ಅಮ್ಮ. ಮೊದಲು ನಾಲ್ಕು ಸಲ ಏಳುತ್ತಿದ್ದ ಅಪ್ಪ ಈಗ ಆರು ಸಲ ಏಳಬೇಕಾಯಿತು. ಅವರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನಗೆ ಹೆಚ್ಚು ನೋವಾಯಿತು. ಡಬ್ಬಿ ಕಿತ್ತು ಬೀರುವಿನ ಮೇಲೆ ಎಸೆದು ಹಾಸ್ಟೆಲ್‌ಗೆ ಹೊರಟುಬಿಡುವ ಮನಸ್ಸಾಗಿತ್ತು.

ಸಾಹೇಬರಿಗೆ ಫೋನ್ ಮಾಡಿ ‘ಏನು ತಪ್ಪಾಗಿದೆ ಹೇಳಿ’ ಅಂದೆ. ಅವರು ಹೇಳಲಿಲ್ಲ. ‘ಯಾವ್ಯಾವಾಗ ಕೂಗ್ತು, ಆಗ ಮೂರು ಬಲ್ಬು ಹೇಗಿದ್ವು, ಐದು ದಿನ ಬರ್ದಿಡು. ಮಶೀನು ಸುಳ್ಳು ಹೇಳಲ್ಲಮ್ಮ. ಅದು ಯಾವುದಕ್ಕೋ ಉತ್ತರ ಕೊಡ್ತಿದೆ, ಯಾವುದಕ್ಕೆ ಅಂತ ನೋಡು’ ಅಂದರು.

ರಜೆ ಮುಗಿಯುವವರೆಗೆ ಬರೆದೆ. ರಾತ್ರಿ ನಾನೇ ಅಪ್ಪನ ಜತೆ ಎದ್ದು ಹೋದೆ. ತಾತ ಇಷ್ಟು ವರ್ಷ ನಡೆದ ದಾರಿಯಲ್ಲಿ ಕತ್ತಲಲ್ಲಿ ನಡೆದದ್ದು ಅದೇ ಮೊದಲು. ಒದ್ದೆ ಬದು, ಗರಿಯ ಸದ್ದು, ಟಾರ್ಚಿನ ಬೆಳಕಿಗೆ ಸರಕ್ಕನೆ ಸರಿದುಹೋಗುವ ಏನೋ. ಆ ಮೇಲೆ ಡಬ್ಬಿ ಎಸೆಯುವ ಮಾತು ನನ್ನ ತಲೆಗೆ ಬರಲಿಲ್ಲ.

ಪುಸ್ತಕ ನೋಡಿ ಸಾಹೇಬರು ಕೇಳಿದ್ದು ಒಂದೇ: ‘ಮೋಟ್ರು ಮನೆ ಕಿಟಕಿ ಯಾವ ಕಡೆಗಿದೆ?’ ಪೂರ್ವಕ್ಕೆ! ಬೆಳಿಗ್ಗೆ ಕೂಗುತ್ತಿದ್ದದ್ದು ಸೂರ್ಯನನ್ನು ನೋಡಿ. ರಾತ್ರಿಯ ಗುಟ್ಟು ನನ್ನ ಬರಹದಲ್ಲೇ ಇತ್ತು. ತ್ರೀ ಫೇಸ್ ಇಲ್ಲದಾಗಲೂ ಮೂರನೆಯ ಬಲ್ಬು ಕೆಲವು ಹೊತ್ತು ಮಂಕಾಗಿ ಉರಿಯುತ್ತಿತ್ತು. ತಾತನ ಕಣ್ಣಿಗೆ ಮಂಕು ಬೇರೆ, ಬೆಳಕು ಬೇರೆ. ನನ್ನ ಡಬ್ಬಿಗೆ ಎರಡೂ ಒಂದೇ ಆಗಿತ್ತು.

ಮೊದಲನೆಯದಕ್ಕೆ ಔಷಧ ತೋಟದಲ್ಲೇ ಬಿದ್ದಿತ್ತು. ಕರಿ ಡ್ರಿಪ್ ಪೈಪಿನ ಗೇಣುದ್ದದ ತುಂಡು. ಅದರೊಳಗೆ ಎಲ್‌ಡಿಆರ್ ಕೂರಿಸಿ, ಇನ್ನೊಂದು ತುದಿಯನ್ನು ಬಲ್ಬಿಗೆ ಒತ್ತಿ ಹಿಡಿಸಿದೆ. ಈಗ ಅದಕ್ಕೆ ಬಲ್ಬು ಬಿಟ್ಟರೆ ಲೋಕವೇ ಕಾಣದು. ಎರಡನೆಯದಕ್ಕೆ ಪ್ರೀಸೆಟ್ ಇತ್ತು. ಮಂಕು ಬೆಳಕಿಗೆ ಕೂಗುವುದು ನಿಲ್ಲುವವರೆಗೆ ಕೂದಲೆಳೆಯಷ್ಟು ತಿರುಪುತ್ತ ಹೋದೆ. ಅದಾದ ಮೂರನೆಯ ರಾತ್ರಿಯೇ ನಾನು ಮೊದಲು ಹೇಳಿದ 1 ಗಂಟೆ 40 ನಿಮಿಷ.

ಭಾನುವಾರದ ಬೆಂಚು

ಹಳ್ಳಿಯಲ್ಲಿ ಸುದ್ದಿಗೆ ವೈರು ಬೇಡ. ಪಕ್ಕದ ತೋಟದ ದೊಡ್ಡಪ್ಪ ‘ನಂಗೂ ಒಂದು ಮಾಡಿಕೊಡು ಮಗ’ ಅಂದರು. ಅವರ ಮಗನನ್ನೇ ಕೂರಿಸಿ ಮಾಡಿಸಿದೆ. ಅವನು ತನ್ನ ಗೆಳೆಯನನ್ನು ಕರೆತಂದ. ಆ ಗೆಳೆಯನ ತಂಗಿ, ಆರನೇ ಕ್ಲಾಸಿನವಳು, ‘ನಾನು ನೋಡ್ತೀನಿ ಅಷ್ಟೇ’ ಎಂದು ಬಂದವಳು ಈಗ ಎಲ್ಲರಿಗಿಂತ ಚೆನ್ನಾಗಿ ಬೆಸುಗೆ ಹಾಕುತ್ತಾಳೆ. ಭಾನುವಾರ ಸಾಹೇಬರ ಅಂಗಡಿಯ ಮುಂದೆ ಒಂದು ಬೆಂಚು ಬೀಳುತ್ತದೆ. ಸಂಘವಿಲ್ಲ, ಫೀಸಿಲ್ಲ, ಹೆಸರೂ ಇಲ್ಲ. ಸಾಮಾನಿನ ಡಬ್ಬಿಗೆ ಕೈಲಾದಷ್ಟು ಹಾಕಬೇಕು. ಗುಜರಿಗೆ ಹೋಗುವ ಹಳೆಯ ಸೆಟ್ಟುಗಳಿಂದ ಕಳಚಿದ ಬಿಡಿಭಾಗಗಳನ್ನೂ ಅದರಲ್ಲೇ ತುಂಬುತ್ತೇವೆ.

ಬಂದವರಿಗೆಲ್ಲ ಮೊದಲ ಪಾಠ 555 ಐಸಿ. ಎಂಟು ಕಾಲಿನ ಈ ಕರಿ ಜೀರುಂಡೆಯನ್ನು ಹಾನ್ಸ್ ಕಾಮೆಂಜಿಂಡ್ ಎಂಬುವರು ಸಿಗ್ನೆಟಿಕ್ಸ್ ಕಂಪನಿಗಾಗಿ 1971ರಲ್ಲಿ ವಿನ್ಯಾಸ ಮಾಡಿದರು. ಅರ್ಧ ಶತಮಾನ ದಾಟಿದರೂ ಅದು ಇನ್ನೂ ತಯಾರಾಗುತ್ತಿದೆ, ಕೆಲವೇ ರೂಪಾಯಿಗೆ ಸಿಗುತ್ತದೆ. ಒಳಗೆ 5 ಕಿಲೋಓಮ್‌ನ ಮೂರು ರೆಸಿಸ್ಟರ್ ಇರುವುದರಿಂದ 555 ಎಂಬ ಹೆಸರು ಬಂತೆಂದು ಎಲ್ಲರೂ ಹೇಳುತ್ತಾರೆ. ಕಾಮೆಂಜಿಂಡ್ ಅವರೇ ಅದನ್ನು ಒಪ್ಪಿರಲಿಲ್ಲ. ಅದರ ಜತೆಗೆ 10 ಕಿಲೋಓಮ್, 68 ಕಿಲೋಓಮ್ ರೆಸಿಸ್ಟರುಗಳು, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಎಲ್‌ಇಡಿ ಸೆಕೆಂಡಿಗೊಮ್ಮೆ ಮಿನುಗುತ್ತದೆ. ಮೊದಲ ಮಿನುಗಿಗೆ ಮಕ್ಕಳ ಮುಖದಲ್ಲಿ ಆಗುವುದನ್ನು ನೋಡಬೇಕು.

ಮುಂದಿನವರು ಆರ್ಡುಯಿನೊ ಹಿಡಿಯುತ್ತಾರೆ. ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ 2005ರಲ್ಲಿ ಹುಟ್ಟಿದ ಈ ಪುಟ್ಟ ಬೋರ್ಡಿನ ನಕ್ಷೆಯನ್ನು ಅದನ್ನು ಮಾಡಿದವರು ಮುಚ್ಚಿಡಲಿಲ್ಲ. ಯಾರು ಬೇಕಾದರೂ ನೋಡಿ ಮಾಡಿಕೊಳ್ಳಲಿ ಎಂದು ಬಿಟ್ಟರು. ಅದಕ್ಕೇ ಅದು ನಮ್ಮ ಬೆಂಚಿನವರೆಗೂ ಬಂತು. ಸಾಹೇಬರಿಗೆ ಪ್ರೋಗ್ರಾಂ ಬರೆಯುವುದು ಬಾರದು. ಅದನ್ನು ಹುಡುಗರು ಅವರಿಗೆ ಕಲಿಸುತ್ತಾರೆ. ಈಚಿನ ಬೋರ್ಡುಗಳ ಸಾಸಿವೆಯಷ್ಟು ಬಿಡಿಭಾಗ ಅವರ ಕಣ್ಣಿಗೆ ಕಾಣುವುದಿಲ್ಲ, ಕೈ ಸಣ್ಣಗೆ ನಡುಗುತ್ತದೆ. ‘ಕಣ್ಣು, ಕೈ ನಿಮ್ದು. ಕಿವಿ ನಂದು’ ಎನ್ನುತ್ತಾರೆ. ಹುಡುಗರು ಬೆಸುಗೆ ಹಾಕುತ್ತಾರೆ, ಅವರು ಕೇಳಿಸಿಕೊಂಡು ರೋಗ ಹೇಳುತ್ತಾರೆ.

ಇದರಿಂದ ಅವರ ವ್ಯಾಪಾರ ಚಿಗುರಿತು ಎಂದು ಬರೆದರೆ ಸುಳ್ಳಾಗುತ್ತದೆ. ರೇಡಿಯೊ ರಿಪೇರಿಗೆ ತಿಂಗಳಿಗೆ ಒಂದೆರಡು ಬಂದರೆ ಹೆಚ್ಚು. ಯುಗಾದಿಯ ನಂತರ ಅಂಗಡಿ ಬಿಟ್ಟುಕೊಡುವುದೆಂದು ತೀರ್ಮಾನಿಸಿದ್ದೆ ಎಂದು ಅವರು ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಯುಗಾದಿ ಕಳೆಯಿತು. ಅಂಗಡಿ ಇನ್ನೂ ಇದೆ. ಕೇಳಿದರೆ ‘ಭಾನುವಾರ ಮಕ್ಳು ಬರ್ತಾವಲ್ಲಮ್ಮ, ಬೆಂಚು ಎಲ್ಲಿಡೋದು?’ ಅನ್ನುತ್ತಾರೆ. ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ಇರುವಷ್ಟು ದಿನ ಅವರ ಕಿವಿಯಲ್ಲಿರುವುದನ್ನು ನಮ್ಮ ಕೈಗೆ ಇಳಿಸಿಕೊಳ್ಳಬೇಕು.

ಬೆಂಚಿನ ಮೇಲೆ ಒಂದು ದಪ್ಪ ನೋಟ್‌ಪುಸ್ತಕ ಇದೆ. ಮಾಡಿದ್ದೆಲ್ಲ ಅದರಲ್ಲಿ ಬರೆಯಬೇಕು. ಕೆಲಸ ಮಾಡದೇ ಇದ್ದದ್ದು ಮೊದಲು, ಮಾಡಿದ್ದು ಆಮೇಲೆ. ಮೊದಲ ಪುಟದಲ್ಲಿ ನನ್ನ ಅಕ್ಷರದಲ್ಲೇ ಇದೆ: ‘ಎಲ್‌ಇಡಿ ಸುಟ್ಟಿತು. ರೆಸಿಸ್ಟರ್ ಹಾಕಿರಲಿಲ್ಲ.’ ಹೊಸಬರಿಗೆ ನಾವು ತೋರಿಸುವುದು ಆ ಪುಟವನ್ನೇ. ಎಂಜಿನಿಯರಿಂಗ್ ಓದುವ ಅಕ್ಕನೇ ಸುಟ್ಟಿದ್ದಾಳೆ ಅಂದ ಮೇಲೆ ಅವರ ಕೈ ಸಲೀಸಾಗುತ್ತದೆ.

ನಿಮಗೂ ಶುರು ಮಾಡುವ ಆಸೆಯಿದ್ದರೆ ದೊಡ್ಡ ಖರ್ಚೇನಿಲ್ಲ. ಒಂದು ಬ್ರೆಡ್‌ಬೋರ್ಡು, ಒಂದು ಸಾದಾ ಮಲ್ಟಿಮೀಟರ್, 9 ವೋಲ್ಟಿನ ಬ್ಯಾಟರಿ, ಒಂದಿಷ್ಟು ಎಲ್‌ಇಡಿ, ರೆಸಿಸ್ಟರು, ಒಂದೆರಡು 555 ಸಾಕು. ಬ್ರೆಡ್‌ಬೋರ್ಡಿಗೆ ಬೆಸುಗೆಯೂ ಬೇಡ. ಗೋಡೆಯ ಪ್ಲಗ್ಗಿನ ಕರೆಂಟ್ ಮಾತ್ರ ಮುಟ್ಟಬೇಡಿ, ಬ್ಯಾಟರಿಯಲ್ಲೇ ಕಲಿಯಿರಿ. ಸೋಲ್ಡರ್ ಹೊಗೆ ಮುಖಕ್ಕೆ ಬಾರದಂತೆ ಕಿಟಕಿ ತೆಗೆದಿಡಿ. ನಿಮ್ಮೂರಲ್ಲೂ ಒಂದು ರಿಪೇರಿ ಅಂಗಡಿ ಇನ್ನೂ ಬಾಗಿಲು ತೆರೆದಿದ್ದರೆ ಒಮ್ಮೆ ಹೋಗಿ ಕೂತು ನೋಡಿ.

ಮೊನ್ನೆ ಊರಿಗೆ ಹೋದಾಗ ತಾತನ ಹೊಸ ದೂರು ಕಾದಿತ್ತು. ಅವರ ಕಾಲು ಈಗ ಗುಣವಾಗಿದೆ, ಕೋಲು ಹಿಡಿದು ಅಂಗಳದಲ್ಲಿ ಓಡಾಡುತ್ತಾರೆ. ‘ಕರೆಂಟ್ ಬಂದ್ರೆ ಕೂಗುತ್ತೆ ಸರಿ. ಬರ್ದೇ ಇದ್ರೆ ಕೂಗಲ್ಲ. ಆದ್ರೆ ಕೂಗ್ದೇ ಇದ್ದಾಗ ಕರೆಂಟ್ ಬಂದಿಲ್ವೋ, ನಿನ್ ಡಬ್ಬಿ ಕೆಟ್ಟಿದ್ಯೋ ಗೊತ್ತಾಗೋದು ಹೇಗೆ? ಅದೇ ಯೋಚ್ನೇಲಿ ಮತ್ತೆ ನಿದ್ದೆ ಬರಲ್ಲ ನಂಗೆ’ ಅಂದರು.

ಎಲ್ಲರೂ ನಕ್ಕೆವು. ಆರನೇ ಕ್ಲಾಸಿನ ಹುಡುಗಿ ನಗಲಿಲ್ಲ. ಭಾನುವಾರ ಬೆಂಚಿಗೆ ಬಂದವಳು ನೋಟ್‌ಪುಸ್ತಕದಲ್ಲಿ ಒಂದು ಚಿತ್ರ ಬರೆದು ತಂದಿದ್ದಳು. ಮಲಗುವ ಮುನ್ನ ತಾತ ಒತ್ತಿ ನೋಡಲು ಒಂದು ಪುಟ್ಟ ಬಟನ್. ಒತ್ತಿದರೆ ಪೈಪಿನೊಳಗೆ ಎಲ್‌ಡಿಆರ್ ಎದುರಿಗಿಟ್ಟ ಒಂದು ಎಲ್‌ಇಡಿ ಉರಿಯುತ್ತದೆ, ಬಝರ್ ಕೂಗುತ್ತದೆ. ಕೂಗಿದರೆ ಕಣ್ಣು, ವೈರು, ಬ್ಯಾಟರಿ ಎಲ್ಲ ಸರಿಯಿದೆ ಎಂದರ್ಥ. ಎಲ್‌ಇಡಿಯ ಪಕ್ಕದಲ್ಲಿ ಒಂದು ರೆಸಿಸ್ಟರನ್ನೂ ಬರೆದಿದ್ದಳು: 470 ಓಮ್.

ಅದಕ್ಕಾಗಿ ಇನ್ನೊಂದು ಎಳೆ ವೈರು ತರಬೇಕು, 150 ಮೀಟರ್. ಈ ವಾರ ಅದೇ ಕೆಲಸ.